ಒಂದು ಹಲಗೆಯ ಬೆಲೆ

ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವುದು ದೊಡ್ಡ ಗುಣವೆಂದು ಮಕ್ಕಳಿಗೆ ಹೇಳುತ್ತ ಬಂದವಳು ನಾನು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲಶಿಕ್ಷಣದ ವಿಚಾರ ಮುಂದಿಟ್ಟಾಗ ಕೈಕಸುಬಿಗೇ ನಡುಮನೆಯ ಸ್ಥಾನ ಕೊಟ್ಟರೆಂದು ಬಿ.ಎಡ್.ನಲ್ಲಿ ಓದಿದ್ದೆವು. ಆದರೆ ನಾನು ಮಾಡಿಕೊಂಡ ಕೆಲಸ ಇನ್ನೊಬ್ಬರ ಅನ್ನವಾಗಿದ್ದರೆ?

ಇದನ್ನು ಕೇಳಿದವಳು ಶಹಾಪುರದ ನಮ್ಮ ಓಣಿಯ ಬಡಿಗೇರರ ಹುಡುಗಿ. ಹಿತ್ತಲಿನ ತಗಡಿನ ನೆರಳಲ್ಲಿ ನಾನು ಪುಸ್ತಕಗಳಿಗೆಂದು ಬೇವಿನ ಹಲಗೆಯ, ಬಾಗಿಲಿಲ್ಲದ ಸಣ್ಣ ಕಪಾಟು ಮಾಡುತ್ತಿದ್ದೆ. "ಅಕ್ಕೋರೆ, ಎಲ್ಲಾರೂ ತಾವೇ ಮಾಡ್ಕೊಂಡ್ರ ನಮ್ಮಪ್ಪ ಏನ್ ಮಾಡ್ಬೇಕ್ರಿ?" ಎಂದಳು. ನಗುತ್ತಲೇ ಕೇಳಿದಳು, ಪ್ರಶ್ನೆ ಮಾತ್ರ ನಗುವಂಥದ್ದಲ್ಲ.

ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಬಡಿಗೇರರು ಕೂರಿಗೆ, ಕುಂಟೆ, ಬಂಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯದ ಜೋಳ ಒಯ್ಯುತ್ತಿದ್ದರು. ನಾರಾಯಣಪುರದ ಕಾಲುವೆಯ ನೀರು ಬಂತು, ಭತ್ತ ಬಂತು, ಟ್ರ್ಯಾಕ್ಟರ್ ಬಂತು, ಆಯ ಹೋಯಿತು. ಈಗ ಅಂಗಡಿಯಿಂದ ಸಿದ್ಧ ಕಪಾಟುಗಳೇ ಮನೆಗೆ ಬರುತ್ತವೆ. ಅವುಗಳ ಮುಂದೆ ನನ್ನ ನಾಲ್ಕು ಹಲಗೆ ಯಾವ ಲೆಕ್ಕ ಎನ್ನಬಹುದು. ಎಲ್ಲರೂ ಕಸಿದುಕೊಳ್ಳುವಾಗ ನನ್ನದೂ ಒಂದಿಷ್ಟು ಇರಲಿ ಎಂಬುದು ನ್ಯಾಯದ ಮಾತಲ್ಲ.

ಪುಸ್ತಕ ತುಂಬಿದ ಹಲಗೆಯ ಉದ್ದ ಇಮ್ಮಡಿಯಾದರೆ ಅದರ ಬಾಗು 16 ಪಟ್ಟಾಗುತ್ತದೆ ಎನ್ನುತ್ತದೆ ಗಣಿತ. ಹುಡುಗಿಯ ಅಪ್ಪ ಒಮ್ಮೆ ನೋಡಿ, "ನಡುವ ಒಂದು ಆಸರ ಕೊಡ್ರಿ ಅಕ್ಕೋರೆ" ಎಂದರು. ಅವರ ಕೂಲಿಯಲ್ಲಿ ಆ ಕಣ್ಣಿನ ಬೆಲೆಯೂ ಸೇರಿದೆ.

12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಪ್ಪನೆಂಬ ಬಡಗಿ ವಚನಕಾರನಿದ್ದ. ಅವನ ಬಾಚಿಯೇ ಅವನ ಹೆಸರಿಗೆ ಅಂಟಿಕೊಂಡಿತು. ನನಗೆ ಅದು ಅಂಟುವುದಿಲ್ಲ. ಬೆರಳು ನೊಂದರೆ ನಾಳೆ ನೋಡೋಣವೆಂದು ಬಾಚಿ, ಉಳಿಗಳನ್ನು ಒಳಗಿಡುತ್ತೇನೆ. ನನ್ನ ಪಗಾರಕ್ಕೇನೂ ಬಾಧೆಯಿಲ್ಲ. ಓಣಿಯ ಬಡಿಗೇರರಿಗೆ ಆ ನಾಳೆಯಿಲ್ಲ. ಹವ್ಯಾಸಕ್ಕೂ ಕಾಯಕಕ್ಕೂ ನಡುವಿನ ಅಂತರ ಇಷ್ಟೇ, ಇಷ್ಟು ದೊಡ್ಡದು.

ಹಾಗೆಂದು ಕೈಕಟ್ಟಿ ಕೂಡಬೇಕೆ? ಬೇಡ. ಕೈಯಾರೆ ಮಾಡುವ ಸಂತೋಷ ಯಾರೊಬ್ಬರ ಸೊತ್ತೂ ಅಲ್ಲ. ಆದರೆ 'ಇದನ್ನು ನಾನೇ ಮಾಡಬಲ್ಲೆ' ಎಂಬ ಮಾತು ಇನ್ನೊಬ್ಬರ ಕೂಲಿ ಇಳಿಸುವ ಆಯುಧವಾಗಬಾರದು. ಮನೆಯ ಕಿಟಕಿಗಳ ಕೆಲಸವನ್ನು ಅವರಿಗೇ ಹೇಳಿದ್ದೇನೆ, ಕೇಳಿದ ಕೂಲಿಗೇ ಒಪ್ಪಿದ್ದೇನೆ. ಒಂದೇ ಒಂದು ಹಲಗೆಗೆ ರಂದಾ ಹೊಡೆದವರಿಗೂ ಬಡಿಗೇರರೊಡನೆ ಚೌಕಾಸಿ ಮಾಡಲು ನಾಲಿಗೆ ಏಳಬಾರದು. ಅಷ್ಟನ್ನು ಕಲಿಸದ ಸ್ವಾವಲಂಬನೆ ಬರೀ ಉಳಿತಾಯದ ಲೆಕ್ಕ.