ಮಾತು ಕೊಡುವ ಪಾನಾ

ಹಳೆಯದನ್ನು ಎಸೆಯುವುದು ನಮ್ಮ ಮನೆಗಳಲ್ಲಿ ಅಷ್ಟು ಸುಲಭವಾಗಿ ಆಗುವ ಕೆಲಸವಲ್ಲ. ಸೀರೆ ಹರಿದರೆ ಕೌದಿಯಾಗುತ್ತದೆ. ಕೌದಿಯೂ ಹರಿದರೆ ಒಲೆಯ ಮುಂದಿನ ಮಸಿಬಟ್ಟೆಯಾಗುತ್ತದೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ, ತೂತು ಬಿದ್ದ ಕೊಡಕ್ಕೆ ಬೆಸುಗೆ, ಹಿಡಿ ಮುರಿದ ಕುಡುಗೋಲಿಗೆ ಹೊಸ ಹಿಡಿ. ಇದನ್ನು ಜಿಪುಣತನ ಎನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ನಮಗಾಗಿ ಸವೆದ ವಸ್ತುವಿಗೆ ನಾವು ತೋರಿಸುವ ಮರ್ಯಾದೆ ಅದು. ಆದರೆ ಈ ಮರ್ಯಾದೆಗೂ ಒಂದು ಎಲ್ಲೆ ಇರಬೇಕಲ್ಲವೇ? ಯಾವುದನ್ನು ರಿಪೇರಿ ಮಾಡಿ ಉಳಿಸಿಕೊಳ್ಳಬೇಕು, ಯಾವುದನ್ನು ಕೈ ಮುಗಿದು ಬೀಳ್ಕೊಡಬೇಕು ಎಂದು ನಿರ್ಧರಿಸುವುದು ಹೇಗೆ? ರೊಕ್ಕದ ಲೆಕ್ಕದಿಂದಲೋ, ಮಮತೆಯಿಂದಲೋ, ಇವೆರಡಕ್ಕಿಂತ ಬೇರೆಯಾದ ಯಾವುದಾದರೂ ನ್ಯಾಯದಿಂದಲೋ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದ್ದು ಒಂದು ಪಾನಾದ ನೆಪದಿಂದ.

ನಮ್ಮ ಬೀದರ್ ಜಿಲ್ಲೆಯ ಕಡೆ ಸ್ಪ್ಯಾನರಿಗೆ ಪಾನಾ ಎನ್ನುತ್ತಾರೆ. ನಿರ್ಣಾದಲ್ಲಿ ನನ್ನ ತಮ್ಮನದೊಂದು ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇದೆ. ಅಲ್ಲಿರುವ ಹತ್ತಾರು ಪಾನಾಗಳ ನಡುವೆ ಒಂದಕ್ಕೆ ಮಾತ್ರ ಬೇರೆ ಗೌರವ. ಅದು ಟಾರ್ಕ್ ರೆಂಚ್. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಹುಮನಾಬಾದಿನ ಒಂದು ಗ್ಯಾರೇಜು ಮುಚ್ಚಿದಾಗ ಅವನು ಅದನ್ನು ಸೆಕೆಂಡ್ ಹ್ಯಾಂಡಾಗಿ ಕೊಂಡಿದ್ದ. ಉಳಿದ ಪಾನಾಗಳು ಬಲ ಹಾಕುತ್ತವೆ, ಇದು ಹಾಕಿದ ಬಲವನ್ನು ಅಳೆಯುತ್ತದೆ. ಹಿಡಿಕೆಯನ್ನು ತಿರುಗಿಸಿ ಬೇಕಾದ ಅಂಕಿಗೆ ನಿಲ್ಲಿಸಿ, ಬೋಲ್ಟು ಬಿಗಿಯಬೇಕು. ಅಷ್ಟು ಬಿಗಿಯಾದ ಕೂಡಲೇ ಒಳಗಿನ ಸ್ಪ್ರಿಂಗಿನ ತಡೆ ಜಾರಿ 'ಕಟ್' ಎಂದು ಸದ್ದಾಗುತ್ತದೆ. ನಮ್ಮ ಕುಕ್ಕರಿನ ಸೀಟಿ ಇದ್ದ ಹಾಗೆ: ಇಷ್ಟು ಸಾಕು, ಇನ್ನು ಕೈ ತೆಗೆ ಎಂದು ಹೇಳುವ ಸದ್ದು.

ಈ ಪಾನಾದ ತಲೆಯೊಳಗಿನ ಹಲ್ಲುಗಾಲಿಯ ಒಂದು ಹಲ್ಲು ಮುರಿಯಿತು. ಅದರ ಬಿಡಿಭಾಗ ಕೇಳಿಕೊಂಡು ತಮ್ಮ ಹೈದರಾಬಾದಿನವರೆಗೆ ಹೋಗಿ ಬಂದ. ಆ ಮಾದರಿಯನ್ನು ತಯಾರಿಸುವುದನ್ನೇ ನಿಲ್ಲಿಸಿದ್ದಾರೆ, ಒಳಗಿನ ಸಾಮಾನು ಇನ್ನು ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಲೇಥ್ ಮಿಸ್ತ್ರಿಯೊಬ್ಬರು ಹೊಸ ಹಲ್ಲುಗಾಲಿ ಕಡೆದು ಕೊಡುತ್ತೇನೆ ಎಂದರು. ತಮ್ಮನ ಮಗ ಮಾತ್ರ ಹೊಸದು ತರೋಣ ಎಂದು ಪಟ್ಟು ಹಿಡಿದ.

"ಅಕ್ಕಾ, ಈ ಪಾನಾದಿಂದನೇ ನನ್ನ ಮನಿ ನಡದದ. ಇದನ್ನ ಭಂಗಾರಕ್ಕ ಹೆಂಗ ಹಾಕಲಿ?" ಎಂದ ತಮ್ಮ. ಗುಜರಿಗೆ ನಮ್ಮ ಕಡೆ ಭಂಗಾರ ಎಂದೇ ಹೆಸರು. ಅವನ ಪಾಲಿಗಂತೂ ಅದು ಬಂಗಾರವೇ ಆಗಿತ್ತು.

ಹುಡುಗ ನನ್ನ ಕಡೆ ತಿರುಗಿ, "ಅತ್ತಿ, ಹಲ್ಲು ಕೂಡಸಬಹುದು. ಆದರ ಅದು ಸುಳ್ಳ ಹೇಳಿದ್ರ ನಮಗ ಗೊತ್ತಾಗೋದು ಹೆಂಗ?" ಎಂದು ಕೇಳಿದ.

ಎಲ್ಲ ಪ್ರಶ್ನೆಯೂ ಇದರಲ್ಲೇ ಇತ್ತು ಎಂದು ನನಗೆ ಆಮೇಲೆ ಹೊಳೆಯಿತು.

ಬೋಲ್ಟು ಬಿಗಿಯುವುದೆಂದರೆ ಏನು ಎಂದು ತಿಳಿದರೆ ಹುಡುಗನ ಮಾತಿನ ತೂಕ ಅರ್ಥವಾಗುತ್ತದೆ. ಕಬ್ಬಿಣದ ಬೋಲ್ಟು ನಮ್ಮ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತವೇ ಗಾಲಿಯನ್ನು ಅದರ ಜಾಗದಲ್ಲಿ ಹಿಡಿದಿಡುವುದು. ಕಡಿಮೆ ಬಿಗಿದರೆ ಎಳೆತ ಸಾಲದೆ ಓಡುವ ಗಾಡಿಯ ಅದುರಿಗೆ ನಟ್ಟು ಸಡಿಲಾಗುತ್ತದೆ. ಅತಿಯಾಗಿ ಬಿಗಿದರೆ ಬೋಲ್ಟು ಮರಳಿ ಕುಗ್ಗಲಾರದಷ್ಟು ಹಿಗ್ಗಿ, ಎಂದೋ ಒಂದು ದಿನ ತುಂಡಾಗುತ್ತದೆ. ಇನ್ನೊಂದು ತಮಾಷೆಯಿದೆ. ನಾವು ಹಾಕುವ ಬಲದ ನೂರು ಪಾಲಿನಲ್ಲಿ ಸುಮಾರು ೯೦ ಪಾಲು ಲೋಹ ಲೋಹಕ್ಕೆ ಉಜ್ಜುವುದರಲ್ಲೇ ಕಳೆದುಹೋಗುತ್ತದೆ. ಹಿಡಿದಿಡುವ ಕೆಲಸಕ್ಕೆ ಉಳಿಯುವುದು ಹತ್ತರಷ್ಟು. ಆದ್ದರಿಂದ ಕೈಗೆ ಬಿಗಿ ಎನ್ನಿಸಿದ್ದು ನಿಜವಾಗಿ ಬಿಗಿ ಆಗಿರಬೇಕೆಂದಿಲ್ಲ. ಅನುಭವಿ ಮಿಸ್ತ್ರಿಯ ತೋಳು ಕೂಡ ಬೆಳಿಗ್ಗೆ ಒಂದು, ಸಂಜೆ ದಣಿದ ಮೇಲೆ ಇನ್ನೊಂದು. ನಾವು ಹೆಂಗಸರು ಕೈ ಅಳತೆಯಲ್ಲೇ ಉಪ್ಪು ಹಾಕುತ್ತೇವೆ, ನಿಜ. ಆದರೆ ಉಪ್ಪಿನ ತಪ್ಪು ಊಟದ ಎಲೆಯ ಮೇಲೇ ತಿಳಿಯುತ್ತದೆ. ಗಾಲಿಯ ತಪ್ಪು ತಿಳಿಯುವುದು ರಸ್ತೆಯ ಮೇಲೆ.

ಟಾರ್ಕ್ ರೆಂಚು ಹುಟ್ಟಿದ್ದೂ ಇಂಥ ಕಷ್ಟದಿಂದಲೇ. ೧೯೧೮ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ನೀರು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬಾತ ನೆಲದಡಿಯ ಕೊಳವೆಗಳ ಬೋಲ್ಟುಗಳನ್ನು ಅತಿಯಾಗಿ ಬಿಗಿಯುವುದನ್ನು ತಪ್ಪಿಸಲು ಇದನ್ನು ಕಂಡುಹಿಡಿದ. ಇದರಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದರಲ್ಲಿ ಉಕ್ಕಿನ ಸರಳು ಬಾಗುತ್ತದೆ, ಅದರ ಪಕ್ಕದ ಮುಳ್ಳು ಅಂಕಿ ತೋರಿಸುತ್ತದೆ. ಮುಳ್ಳು ಸೊನ್ನೆಯ ಮೇಲೆ ನಿಂತಿಲ್ಲವಾದರೆ ಓದು ಬಾರದವರಿಗೂ ಅದರ ದೋಷ ಕಾಣುತ್ತದೆ. ಇನ್ನೊಂದು ನನ್ನ ತಮ್ಮನದರಂಥದು, 'ಕಟ್' ಎನ್ನುವುದು. ಇದರ ದೋಷ ಒಳಗೆ ಅಡಗಿರುತ್ತದೆ. ಕೆಲಸ ಮುಗಿದ ಮೇಲೆ ಹಿಡಿಕೆಯನ್ನು ಕೆಳಗಿನ ಅಂಕಿಗೆ ಇಳಿಸಿಡದಿದ್ದರೆ ಸ್ಪ್ರಿಂಗು ದಣಿಯುತ್ತದೆ. ದಣಿದ ಸ್ಪ್ರಿಂಗು ಬೇಗನೆ 'ಕಟ್' ಎನ್ನುತ್ತದೆ, ಅದೇ ಸದ್ದು, ಅದೇ ಆತ್ಮವಿಶ್ವಾಸ! ಇದಕ್ಕಾಗಿಯೇ ಐಎಸ್‌ಒ ೬೭೮೯ ಎಂಬ ಅಂತರರಾಷ್ಟ್ರೀಯ ಮಾನದಂಡ, ತಯಾರಕರು ಬೇರೆ ಹೇಳಿಲ್ಲದಿದ್ದರೆ, ೫,೦೦೦ ಸಲ ಬಳಸಿದ ಮೇಲೆ ಅಥವಾ ೧೨ ತಿಂಗಳಿಗೊಮ್ಮೆ ಇದನ್ನು ಪರೀಕ್ಷಿಸಬೇಕು ಎನ್ನುತ್ತದೆ. ಇಂಥ ದೊಡ್ಡ ಪಾನಾಗಳಿಗೆ ನೂರಕ್ಕೆ ನಾಲ್ಕರಷ್ಟು ಹೆಚ್ಚುಕಮ್ಮಿ ಮಾಫಿ, ಅದಕ್ಕಿಂತ ಹೆಚ್ಚಲ್ಲ.

ಇಲ್ಲಿಗೆ ನನಗೊಂದು ವ್ಯತ್ಯಾಸ ಕಾಣಿಸಿತು. ಲೋಕದಲ್ಲಿ ಎರಡು ತರಹದ ವಸ್ತುಗಳಿವೆ. ಕೌದಿ, ಕೊಡ, ಕುರ್ಚಿ, ಹೊಲಿಗೆಯಂತ್ರ ಇವೆಲ್ಲ ನಮಗೆ ಕೆಲಸ ಮಾಡಿಕೊಡುತ್ತವೆ. ಅವು ಕೆಟ್ಟರೆ ಕೆಟ್ಟದ್ದು ನಮ್ಮ ಕಣ್ಣಿಗೆ ಬೀಳುತ್ತದೆ, ನಷ್ಟವೂ ನಮ್ಮದೇ. ಅವಕ್ಕೆ ಎಷ್ಟು ತೇಪೆ ಹಾಕಿದರೂ ಸರಿಯೇ. ಇನ್ನೊಂದು ತರಹದವು ಮಾತು ಕೊಡುತ್ತವೆ. ತಕ್ಕಡಿ 'ಇದು ಒಂದು ಕಿಲೋ' ಎನ್ನುತ್ತದೆ. ಜ್ವರ ನೋಡುವ ಕೊಳವೆ 'ಜ್ವರ ಇಲ್ಲ' ಎನ್ನುತ್ತದೆ. ಟಾರ್ಕ್ ರೆಂಚು 'ಬೋಲ್ಟು ಭದ್ರವಾಗಿದೆ' ಎನ್ನುತ್ತದೆ. ಆ ಮಾತನ್ನು ನಂಬುವವರು ಹೆಚ್ಚಾಗಿ ಆ ವಸ್ತುವಿನ ಒಡೆಯರಲ್ಲ, ಅದನ್ನು ನೋಡಿಯೂ ಇಲ್ಲದ ಪರರು. ಟ್ರ್ಯಾಕ್ಟರ್ ಓಡಿಸುವವನು, ಎದುರಿನಿಂದ ಸೈಕಲ್ ಮೇಲೆ ಬರುವ ಶಾಲೆಯ ಹುಡುಗಿ.

ಅಂಗಡಿಯ ತೂಕದ ಕಲ್ಲನ್ನು ತಿರುಗಿಸಿ ನೋಡಿ. ಹಿಂದೆ ಸೀಸ ತುಂಬಿ ಅದರ ಮೇಲೆ ಸರ್ಕಾರದ ಮುದ್ರೆ ಒತ್ತಿರುತ್ತಾರೆ. ೧೯೭೬ರ ತೂಕ ಮತ್ತು ಅಳತೆಗಳ ಕಾಯ್ದೆಯಾಗಲಿ, ಅದರ ಜಾಗಕ್ಕೆ ಬಂದ ೨೦೦೯ರ ಕಾನೂನುಮಾಪನ ಕಾಯ್ದೆಯಾಗಲಿ ಹೇಳುವುದು ಒಂದೇ: ವ್ಯಾಪಾರಿಯ ತೂಕ ಅವನ ಸ್ವಂತದ್ದಾದರೂ ಅದರ ಸತ್ಯ ಅವನ ಸ್ವಂತದ್ದಲ್ಲ, ಅದನ್ನು ಕಾಲಕಾಲಕ್ಕೆ ಬೇರೆಯವರು ಪರೀಕ್ಷಿಸಬೇಕು. ತಮ್ಮನ ಪಾನಾಕ್ಕೆ ಇಂಥ ಮುದ್ರೆ ಕೇಳಲು ಯಾರೂ ಬರುವುದಿಲ್ಲ. ಬರುವುದಿಲ್ಲ ಎನ್ನುವಲ್ಲೇ ಧರ್ಮದ ಪ್ರಶ್ನೆ ಏಳುತ್ತದೆ.

ಬಸವಕಲ್ಯಾಣ ನಮಗೆ ದೂರದ ಊರಲ್ಲ. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಅಲ್ಲೇ ಸುರಿದು ಬರಲು ಹೇಳಿ ಕಳಿಸಿದಳಂತೆ. ಹೆಚ್ಚಾದ ಆ ಹಿಡಿ ಅಕ್ಕಿಯನ್ನು ಕೇಳಲು ಯಾರೂ ಬರುತ್ತಿರಲಿಲ್ಲ. ಆದರೂ ಆಕೆ ಅಳತೆ ತಪ್ಪಲಿಲ್ಲ. ಕಾಯಕ ಎಂದರೆ ಬರೀ ದುಡಿಮೆಯಲ್ಲ, ಯಾರೂ ನೋಡದಿರುವಾಗಲೂ ಅಳತೆ ಸರಿಯಾಗಿರುವ ದುಡಿಮೆ ಎಂದು ಅವಳಿಂದ ನಾನು ತಿಳಿದುಕೊಂಡಿದ್ದೇನೆ.

ಹಾಗಾದರೆ ಹಳೆಯದನ್ನು ಬಿಸಾಕಿ ಹೊಸದು ತಂದರೆ ಮುಗಿಯಿತೇ? ಅದೂ ಅಲ್ಲ. ಪರೀಕ್ಷೆಯ ಪತ್ರವಿಲ್ಲದೆ ಅಗ್ಗಕ್ಕೆ ಸಿಗುವ ಹೊಸ ಪಾನಾ ಮೊದಲ ದಿನವೇ ಸುಳ್ಳು ಹೇಳಬಹುದು. ಹೊಸದೆಲ್ಲ ಸತ್ಯವಲ್ಲ, ಹಳೆಯದೆಲ್ಲ ಸುಳ್ಳೂ ಅಲ್ಲ. ಅಲ್ಲದೆ ಮುರಿದದ್ದು ತಲೆಯ ಹಲ್ಲುಗಾಲಿ. ಅದು ಬಲವನ್ನು ದಾಟಿಸುವ ಭಾಗವೇ ಹೊರತು ಅಳೆಯುವ ಭಾಗವಲ್ಲ. ಅಳೆಯುವುದು ಸ್ಪ್ರಿಂಗು. ಕೈಕಾಲು ಮುರಿದವನ ಮಾತು ಸುಳ್ಳಾಗಬೇಕೆಂದಿಲ್ಲವಲ್ಲ! ತಮ್ಮ ಅದೇ ಮಾದರಿಯ ಇನ್ನೊಂದು ಕೆಟ್ಟ ಪಾನಾವನ್ನು ಭಂಗಾರದ ಅಂಗಡಿಯಲ್ಲಿ ಹುಡುಕಿ, ಅದರ ಹಲ್ಲುಗಾಲಿಯನ್ನು ತೆಗೆದು ಇದಕ್ಕೆ ಕೂಡಿಸಿದ. ರಿಪೇರಿ ಚೆನ್ನಾಗಿಯೇ ಆಯಿತು.

ಆದರೂ ಹುಡುಗನ ಪ್ರಶ್ನೆ ಹಾಗೇ ಉಳಿದಿತ್ತು. ಉತ್ತರವನ್ನೂ ಅವನೇ ಹುಡುಕಿದ. ಒಂದು ಮೀಟರ್ ಉದ್ದದ ಹಿಡಿಕೆಯ ತುದಿಗೆ ಒಂದು ಕಿಲೋ ತೂಗುಹಾಕಿದರೆ ಬುಡದಲ್ಲಿ ಬೀಳುವ ತಿರುಚುಬಲ ಒಂದು ಕಿಲೋಗ್ರಾಂ-ಮೀಟರ್. ಈಗಿನ ಲೆಕ್ಕದಲ್ಲಿ ಸುಮಾರು ೯.೮ ನ್ಯೂಟನ್-ಮೀಟರ್. ಹಾಗಾದರೆ ಅರ್ಧ ಮೀಟರಿಗೆ ೨೦ ಕಿಲೋ ಹಾಕಿದರೆ ಹತ್ತು ಆಗಬೇಕು. ಅವನು ಅಡತಿ ಅಂಗಡಿಯಿಂದ ಮುದ್ರೆ ಒತ್ತಿದ ತೂಕಗಳನ್ನು ಕೇಳಿ ತಂದ. ಪಾನಾದ ತಲೆಯನ್ನು ವೈಸಿನಲ್ಲಿ ಸಿಕ್ಕಿಸಿ, ಹಿಡಿಕೆಯನ್ನು ಮಟ್ಟಸವಾಗಿ ನಿಲ್ಲಿಸಿ, ಅಂಕಿಯನ್ನು ಹತ್ತಕ್ಕೆ ತಂದು, ಒಂದೊಂದೇ ತೂಕ ಚೀಲಕ್ಕೆ ಇಳಿಸಿದ. ಹಿಡಿಕೆಯ ತೂಕವನ್ನೂ ಲೆಕ್ಕಕ್ಕೆ ಹಿಡಿದರೆ ಇಪ್ಪತ್ತಕ್ಕೆ ಬರಬೇಕಾದ ಸದ್ದು ಹದಿನೇಳಕ್ಕೇ ಬಂತು.

ತಮ್ಮ ಮಾತಾಡಲಿಲ್ಲ. ಪಾನಾವನ್ನು ಹೈದರಾಬಾದಿನ ಮಾನ್ಯತೆ ಪಡೆದ ಪ್ರಯೋಗಾಲಯವೊಂದಕ್ಕೆ ಒಯ್ದ. ಅಲ್ಲಿ ಅದರ ಶಕ್ತಿಯ ಶೇಕಡಾ ೨೦, ೬೦ ಮತ್ತು ೧೦೦ ಹೀಗೆ ಮೂರು ಹಂತಗಳಲ್ಲಿ ಪರೀಕ್ಷಿಸಿದರು. ಕೆಳಗಿನ ಹಂತಕ್ಕೆ ಹೊಂದಿಸಿದರೆ ಮೇಲಿನದು ತಪ್ಪುತ್ತಿತ್ತು. ಸ್ಪ್ರಿಂಗು ದಣಿದಿದೆ, ಆ ಸ್ಪ್ರಿಂಗು ಈಗ ಎಲ್ಲೂ ಸಿಗದು ಎಂದರು. ಊರಿಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ, ಇತ್ತೀಚೆಗೆ ತಾನು ಗಾಲಿ ಬಿಗಿದಿದ್ದ ಟ್ರ್ಯಾಕ್ಟರಿನವರಿಗೆಲ್ಲ ಹೇಳಿ ಕಳಿಸಿ, ಪುಕ್ಕಟೆಯಾಗಿ ಮತ್ತೆ ಬಿಗಿದುಕೊಟ್ಟದ್ದು. ಅದಕ್ಕಾಗಿ ಪರೀಕ್ಷೆಯ ಪತ್ರವಿದ್ದ, ಮುಳ್ಳಿನ ಮಾದರಿಯ ಪಾನಾ ಕೊಂಡ. ಇದರಿಂದ ನಾಲ್ಕು ಗಿರಾಕಿಗಳು ದೂರವಾಗಬಹುದು ಎಂದು ಅವನ ಹೆಂಡತಿ ಅಂಜಿದ್ದಳು. ಅವಳ ಅಂಜಿಕೆ ಹುಸಿಯಲ್ಲ, ಸತ್ಯಕ್ಕೆ ಖರ್ಚಿದೆ.

ಆ ಖರ್ಚನ್ನೆಲ್ಲ ಸಣ್ಣ ಅಂಗಡಿಯವನೇ ಹೊರಬೇಕೇ ಎಂಬುದು ಬೇರೆ ಪ್ರಶ್ನೆ. ವಸ್ತು ಮಾರಿದವನಿಗೆ ಅದರ ಬಿಡಿಭಾಗ ಒದಗಿಸುವ ಹೊಣೆಯೂ ಇರಬೇಕಲ್ಲವೇ? ೨೦೨೨ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆದು, ಕೃಷಿ ಯಂತ್ರ, ವಾಹನ, ಮೊಬೈಲು, ಗೃಹೋಪಯೋಗಿ ವಸ್ತುಗಳನ್ನು ಅದರಲ್ಲಿ ಸೇರಿಸಿತು. ರಿಪೇರಿ ಎಂಬುದು ಬಡವರ ಹಟವಲ್ಲ, ಹಕ್ಕು ಎಂದು ಒಪ್ಪಿದ್ದೇ ದೊಡ್ಡದು.

ಹಳೆಯ ಪಾನಾವನ್ನು ತಮ್ಮ ಭಂಗಾರಕ್ಕೆ ಹಾಕಲಿಲ್ಲ. ಒರೆಸಿ ಗೋಡೆಗೆ ತೂಗುಹಾಕಿದ್ದಾನೆ, ಯಾರೂ ಬಳಸಬಾರದೆಂದು ಚೀಟಿ ಕಟ್ಟಿದ್ದಾನೆ. ಇದರಲ್ಲಿ ಅಗೌರವವೇನೂ ಇಲ್ಲ. ಮನೆಯ ಹಿರಿಯರ ಕೈ ನಡುಗತೊಡಗಿದಾಗ ಕೂಸಿಗೆ ಔಷಧ ಅಳೆದು ಹಾಕುವ ಕೆಲಸವನ್ನು ಅವರಿಂದ ತೆಗೆದುಕೊಳ್ಳುತ್ತೇವೆ, ಅವರ ಮರ್ಯಾದೆಯನ್ನಲ್ಲ. ಮಮತೆಯ ಹೆಸರಿನಲ್ಲಿ ಆ ಚಮಚವನ್ನು ಅವರ ಕೈಯಲ್ಲೇ ಬಿಟ್ಟರೆ ಬೆಲೆ ತೆರುವುದು ಕೂಸು.

ನಮ್ಮ ಅಡುಗೆಮನೆಯಲ್ಲೂ ಮಾತು ಕೊಟ್ಟು ಕೂತ ವಸ್ತುಗಳು ಎಷ್ಟಿಲ್ಲ! ಕುಕ್ಕರಿನ ಹಿಡಿ ಮುರಿದರೆ ಹಳೆಯ ಹಿಡಿ ಹುಡುಕಿ ಹಾಕೋಣ, ಆದರೆ ಸೇಫ್ಟಿ ವಾಲ್ವಿನ ಜಾಗಕ್ಕೆ ಸಿಕ್ಕ ನಟ್ಟನ್ನು ತುರುಕುವುದು ಬೇಡ. ಬಿಸಿ ಮಿತಿ ಮೀರಿದಾಗ ಕರಗಿ ಆವಿಗೆ ದಾರಿ ಬಿಡುವುದೇ ಅದರ ಕೆಲಸ. ಗ್ಯಾಸ್ ಸಿಲಿಂಡರಿನ ಕೊರಳಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಒಂದು ಅಕ್ಷರ, ಪಕ್ಕದಲ್ಲಿ ವರ್ಷ ಬರೆದಿರುತ್ತಾರೆ. ಮತ್ತೆ ಪರೀಕ್ಷೆಯಾಗಬೇಕಾದ ವರ್ಷ ಮತ್ತು ಅದರ ಮೂರು ತಿಂಗಳ ಅವಧಿ ಅದು. ಎ ಎಂದರೆ ಜನವರಿಯಿಂದ ಮಾರ್ಚ್. ಸಿಲಿಂಡರು ಇಳಿಸಿಕೊಳ್ಳುವಾಗ ಒಂದು ಗಳಿಗೆ ಅದನ್ನು ಓದಿದರೆ ಸಾಕು. ಹಳೆಯದನ್ನು ಪ್ರೀತಿಸೋಣ, ಕೈಲಾದಷ್ಟು ರಿಪೇರಿ ಮಾಡೋಣ. ಆದರೆ ಒಂದು ವಸ್ತುವಿನ ಮಾತನ್ನು ನಂಬಿ ಯಾರೋ ನಿಶ್ಚಿಂತೆಯಿಂದಿದ್ದಾರೆ ಎಂದಾದರೆ, ಮೊದಲು ಆ ಮಾತನ್ನು ಪರೀಕ್ಷಿಸೋಣ.