ಸಂಖ್ಯೆಯ ಗುಣ, ಬರಹದ ಚೆಲುವು

ಒಂದು ವಸ್ತುವಿನ ಗುಣವು ಆ ವಸ್ತುವಿನಲ್ಲಿಯೇ ಇರುವುದೋ, ಅಥವಾ ನಾವು ಅದನ್ನು ಹೇಳುವ ರೀತಿಯಲ್ಲಿ ಇರುವುದೋ? ಇದು ಪುರಾತನವಾದ ತಾತ್ತ್ವಿಕ ಪ್ರಶ್ನೆ. ಇದನ್ನು ವಿಚಾರಿಸಲು ಒಂದು ದೊಡ್ಡ ಸಂಖ್ಯೆ ನಮಗೆ ನೆರವಾಗಬಲ್ಲದು.

ಆ ಸಂಖ್ಯೆ 12345654321. ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವೆಂಬ ತಮ್ಮ ಸಂಸ್ಕೃತ ಗ್ರಂಥದ ಗುಣಾಕಾರ ಭಾಗದಲ್ಲಿ ಇದನ್ನು ಕೊಟ್ಟಿದ್ದಾರೆ. 27994681ನ್ನು 441ರಿಂದ ಗುಣಿಸಿದರೆ ಇದು ದೊರೆಯುತ್ತದೆ. ಒಂದರಿಂದ ಆರರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಇದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಕೆಲವು ಗುಣಲಬ್ಧಗಳನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸಿದ್ದಾರೆ. ಅವರು ಕೊಂಡಾಡಿದ ಅರಸು ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ರಾಷ್ಟ್ರಕೂಟರು ತಮ್ಮ ಬಿರುದಿನಲ್ಲಿ ಹೇಳಿಕೊಂಡ ಲಟ್ಟಲೂರು ನಮ್ಮ ಲಾತೂರೇ ಎಂದು ಹಲವು ವಿದ್ವಾಂಸರ ಮತ. ಉದಗೀರದ ನಮಗೆ ಈ ಹಾರ ಪರಕೀಯವಲ್ಲ.

ಹಾರದ ಗುಟ್ಟು ಸರಳವಾಗಿದೆ. 111111ನ್ನು ಅದರಿಂದಲೇ ಗುಣಿಸಿರಿ. ಒಂದೊಂದು ಸ್ಥಾನ ಸರಿಸಿ ಬರೆದ ಆರು ಸಾಲುಗಳನ್ನು ಕೂಡಿಸಿದಾಗ ನಡುವಿನ ಮೊತ್ತ ಆರು. ಎಲ್ಲಿಯೂ ಒಂಬತ್ತನ್ನು ಮೀರದಿರುವುದರಿಂದ ಮುಂದಿನ ಸ್ಥಾನಕ್ಕೆ ಒಯ್ಯುವುದೇನೂ ಇಲ್ಲ. ಒಂಬತ್ತು ಒಂದುಗಳವರೆಗೆ ಹೀಗೆಯೇ ಹಾರ ಕಟ್ಟಬಹುದು. ಹತ್ತನೆಯ ಒಂದು ಸೇರಿದೊಡನೆ ಅದು ಹರಿಯುತ್ತದೆ. ನಾವು ಹತ್ತರ ಗುಂಪು ಮಾಡಿ ಎಣಿಸುವವರಾದುದೇ ಇದಕ್ಕೆ ಕಾರಣ.

ಬಾಳೆಹಣ್ಣಿನ ಲೆಕ್ಕವನ್ನು ನೋಡೋಣ. 44 ಎಂಬುದು ಎರಡು ಕಡೆಯಿಂದಲೂ ಒಂದೇ. ಡಜನ್ ಲೆಕ್ಕದಲ್ಲಿ ಅದೇ ಹಣ್ಣುಗಳು 3 ಡಜನ್ 8 ಆಗುತ್ತವೆ. ಆ ಚೆಲುವು ಮಾಯವಾಗುತ್ತದೆ. ಆದರೆ ಹನ್ನೊಂದು ಮಕ್ಕಳಿಗೆ ಹಂಚಿದರೆ ತಲೆಗೆ ನಾಲ್ಕು ಹಣ್ಣು ಎಂಬುದು ಎರಡೂ ಲೆಕ್ಕದಲ್ಲಿ ನಿಜ. ಹಾಗೆಯೇ 111111 ಎಂಬುದು 21ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ, ಅದರ ವರ್ಗವು 21ರ ವರ್ಗವಾದ 441ರಿಂದ ಭಾಗವಾಗಲೇಬೇಕು. ಯಾವ ರೀತಿಯಲ್ಲಿ ಬರೆದರೂ ಇದು ತಪ್ಪದು. ಹಾರವು ಬರಹದ್ದು, ಭಾಗವಾಗುವ ಗುಣ ಸಂಖ್ಯೆಯದು.

ಹಾಗಾದರೆ ಬರಹವು ಕೀಳೇ? ಅಲ್ಲ. ಹಾರದ ಚೆಲುವೇ ನಮ್ಮನ್ನು ಕರೆದು, “ಇದೇಕೆ ಹೀಗೆ?” ಎಂದು ಕೇಳಿಸಿತು. ಕೇಳಿದ ಮೇಲೆ ಒಳಗಿನ ಸತ್ಯ ತಿಳಿಯಿತು.

ಕನ್ನಡದಲ್ಲಿ ಕಲಿತ ಗಣಿತ ಮುಂದೆ ನಡೆಯುವುದೇ ಎಂದು ಗಡಿನಾಡಿನ ಪಾಲಕರು ಕೇಳುವುದುಂಟು. ಸಂಖ್ಯೆಯ ಸತ್ಯ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಒಂದೇ. ಆದುದರಿಂದ ಆ ಭಯಕ್ಕೆ ಆಧಾರವಿಲ್ಲ. ಆದರೆ ಎಲ್ಲ ಭಾಷೆಗಳೂ ಸಮವಾದರೆ ಕನ್ನಡವೇ ಏಕೆ? “ಏಕೆ” ಎಂದು ಕೇಳುವ ಧೈರ್ಯ ಮಗುವಿಗೆ ಮೊದಲು ಬರುವುದು ಮನೆಮಾತಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದು ಈ ದಾರಿಯನ್ನು ತೋರಿದ್ದಾನೆ.

ಶಿಕ್ಷಕ ಬಂಧುಗಳು ಈ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆಯಲಿ. ವಿದ್ಯಾರ್ಥಿಗಳು ಗುರುಗಳು ಹೇಳಿದರೆಂದು ಒಪ್ಪದೆ, ತಾವೇ ಗುಣಿಸಿ, ಭಾಗಿಸಿ ನೋಡಲಿ.