ಶಾಸನಕರ್ತರ ಅಪರಾಧವೂ ನಿವೃತ್ತಿವೇತನವೂ

ಕೇಂದ್ರ ಸರಕಾರದ ಸಾಮಾನ್ಯ ಗುಮಾಸ್ತನೊಬ್ಬನು ಲಂಚದ ಅಪರಾಧಕ್ಕಾಗಿ ವಜಾಗೊಂಡರೆ ಅವನು ನಿವೃತ್ತಿವೇತನದ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ನಿವೃತ್ತನಾದ ಮೇಲೂ ಸನ್ನಡತೆಯು ಅದರ ಅಂತರ್ಗತ ಷರತ್ತೆಂದು 1972ರ ನಿಯಮಗಳು ವಿಧಿಸಿದ್ದವು. 2021ರ ನಿಯಮಗಳೂ ಅದನ್ನು ಉಳಿಸಿಕೊಂಡಿವೆ.

ಸಂಸತ್ಸದಸ್ಯರ ಸ್ಥಿತಿ ಬೇರೆ. ಭ್ರಷ್ಟಾಚಾರಕ್ಕಾಗಿ ಶಿಕ್ಷಿತನಾದವನು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯಂತೆ ಅನರ್ಹನಾಗುತ್ತಾನೆ. 2013ರ ಲಿಲಿ ಥಾಮಸ್ ತೀರ್ಪಿನ ತರುವಾಯ ಅವನ ಸ್ಥಾನವೂ ಕೂಡಲೇ ಹೋಗುತ್ತದೆ. ಆದರೆ 1976ರಲ್ಲಿ ಆರಂಭವಾದ ಸಂಸದರ ನಿವೃತ್ತಿವೇತನಕ್ಕೆ ಸನ್ನಡತೆಯ ಷರತ್ತಿಲ್ಲ. 2025ರ ಮಾರ್ಚ್ ತಿಂಗಳ ಅಧಿಸೂಚನೆಯು ಅದನ್ನು ಮಾಸಿಕ 31,000 ರೂಪಾಯಿಗೆ ಏರಿಸಿತು.

ಇದು ನ್ಯಾಯವೇ? ನಿವೃತ್ತಿವೇತನವು ದಾನವಲ್ಲ, ಹಿಂದೆ ಸಲ್ಲಿಸಿದ ಸೇವೆಯ ಪ್ರತಿಫಲವೆಂದು ಸರ್ವೋಚ್ಚ ನ್ಯಾಯಾಲಯವು 1982ರ ನಕಾರಾ ಪ್ರಕರಣದಲ್ಲಿ ಹೇಳಿದೆ. ಹಾಗಾದರೆ ದುಡಿದು ಗಳಿಸಿದ್ದನ್ನು ಕಸಿಯಬಹುದೇ ಎಂದು ಕೆಲವರು ಕೇಳುವರು. ಪ್ರಶ್ನೆ ಸಾಧುವಾದದ್ದೇ. ಆದರೆ ಪ್ರತಿಫಲಕ್ಕೆ ಮೂಲವು ಸೇವೆ. ಅಧಿಕಾರವನ್ನು ಮಾರಿಕೊಂಡವನು ಆ ಮೂಲವನ್ನೇ ಕೆಡಿಸಿದ್ದಾನೆ. ಮೇಲಾಗಿ, ಗುಮಾಸ್ತನಿಗೆ ಅನ್ವಯಿಸುವ ನೀತಿಯು ಶಾಸನ ರಚಿಸುವ ಸಭೆಯ ಸದಸ್ಯನಿಗೆ ಅನ್ವಯಿಸದೆಂದರೆ, ಹೊಣೆ ಹೆಚ್ಚಿದಂತೆ ಧರ್ಮ ಸಡಿಲವಾಗುವುದೆಂದು ಒಪ್ಪಿದಂತಾಗುತ್ತದೆ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಭಾರವಾದುದು. ಗಂಡನ ಪಾಪಕ್ಕೆ ವೃದ್ಧ ಪತ್ನಿಯು ಏಕೆ ಹಸಿಯಬೇಕು? ಹಸಿಯಬೇಕಿಲ್ಲ. ವಜಾಗೊಂಡ ನೌಕರನಿಗೂ ಅರ್ಹ ಪ್ರಕರಣಗಳಲ್ಲಿ, ನಿವೃತ್ತಿವೇತನದ ಮೂರನೆಯ ಎರಡು ಭಾಗವನ್ನು ಮೀರದಂತೆ, ಅನುಕಂಪದ ಭತ್ಯೆ ನೀಡಲು ನಿಯಮಗಳಲ್ಲಿ ಅವಕಾಶವಿದೆ. ಅದೇ ದಯೆಯನ್ನು ಇಲ್ಲಿ ನಿರಪರಾಧಿ ಪತ್ನಿಯ ಜೀವನಾಂಶಕ್ಕೆ ವಿಸ್ತರಿಸಬಹುದು. ಅಪರಾಧಿಯ ಗೌರವ ಬೇರೆ, ಅವಲಂಬಿತರ ಅನ್ನ ಬೇರೆ.

ರಾಜಕೀಯ ದ್ವೇಷದ ಭಯವೂ ಉಂಟು. ಆದುದರಿಂದ ಬರಿಯ ಆರೋಪವು ಸಾಲದು. ನ್ಯಾಯಾಲಯದ ತೀರ್ಪು ಬೇಕು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಹಣವನ್ನು ತಡೆಹಿಡಿದು, ನಿರ್ದೋಷಿಯೆಂದಾದರೆ ಬಾಕಿಯೆಲ್ಲವನ್ನೂ ಸಲ್ಲಿಸಬೇಕು.

ಸಂಸದರ ನಿವೃತ್ತಿವೇತನವನ್ನೇ ಪ್ರಶ್ನಿಸಿದ ಅರ್ಜಿಯನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ, ಅದು ಸಂಸತ್ತಿನ ವಿವೇಚನೆಗೆ ಸೇರಿದ್ದೆಂದಿತು. ಎಂದರೆ ಪಡೆಯುವವರೇ ಷರತ್ತನ್ನೂ ಹಾಕಿಕೊಳ್ಳಬೇಕು. ಅವರಾಗಿಯೇ ಹಾಕಿಕೊಳ್ಳುವರೆಂದು ನಾವು ಸುಮ್ಮನಿರಲಾಗದು. ಮುಂಬಯಿ, ದೆಹಲಿ, ಮದರಾಸುಗಳಲ್ಲಿ ಮೂವತ್ತು ವರ್ಷ ನಿಷ್ಕಳಂಕವಾಗಿ ದುಡಿದು, ಅದರ ನಿವೃತ್ತಿವೇತನದಲ್ಲಿ ಬದುಕುತ್ತಿರುವ ನಮ್ಮ ಹಿರಿಯರಿಗೆ ಈ ಪ್ರಶ್ನೆ ಕೇಳುವ ಅಧಿಕಾರ ಎಲ್ಲರಿಗಿಂತ ಹೆಚ್ಚು. ಮತ ಯಾಚಿಸಿ ಬಾಗಿಲಿಗೆ ಬಂದವರನ್ನು ಅವರು ಕೇಳಲಿ: ನಮ್ಮ ಮೇಲಿದ್ದ ಷರತ್ತು ನಿಮಗೂ ಒಪ್ಪಿಗೆಯೇ?